ಹೆಡ್ ಇಳಿಸುವ ಮೊದಲು ಗಾಳಿ ತುಂಬಿ ನೋಡಿ: ಸಿಲಿಂಡರ್ ಲೀಕ್‌ಡೌನ್ ಟೆಸ್ಟ್ ಮಾಡುವ ಬಗೆ

ಗಾಡಿಯ ಪಿಕಪ್ ಇಳಿದಿದೆ. ನಿಂತಲ್ಲಿ ಎಂಜಿನ್ ಕುಲುಕುತ್ತದೆ. ಪ್ಲಗ್ ಬದಲಾಯಿಸಿದ್ದಾಯಿತು, ಕಾಯಿಲ್ ಬದಲಾಯಿಸಿದ್ದಾಯಿತು, ಇಂಜೆಕ್ಟರ್ ತೊಳೆಸಿದ್ದೂ ಆಯಿತು. ಕೊನೆಗೆ ಕಂಪ್ರೆಷನ್ ಗೇಜ್ ಹಾಕಿ ನೋಡಿದರೆ ಮೂರನೇ ಸಿಲಿಂಡರ್‌ನಲ್ಲಿ ಮಾತ್ರ ಕಡಿಮೆ. ಸರಿ, ಕಡಿಮೆ ಇದೆ. ಆದರೆ ಯಾಕೆ? ವಾಲ್ವ್ ಸುಟ್ಟಿದೆಯಾ? ರಿಂಗ್ ಸವೆದಿದೆಯಾ? ಹೆಡ್ ಗ್ಯಾಸ್ಕೆಟ್ (ಬ್ಲಾಕ್‌ಗೂ ಅದರ ಮೇಲೆ ಕೂರುವ ಹೆಡ್‌ಗೂ ನಡುವಿನ ಹಾಳೆ) ಹೋಗಿದೆಯಾ? ಆ ಗೇಜ್ ಇದಕ್ಕೆಲ್ಲ ಬಾಯಿ ಬಿಡುವುದಿಲ್ಲ.

ಉತ್ತರ ಯಾವುದು ಅನ್ನುವುದರ ಮೇಲೆ ಕೆಲಸವೇ ಬೇರೆಯಾಗುತ್ತದೆ. ವಾಲ್ವ್ ಆದರೆ ಹೆಡ್ ಇಳಿಸಿದರೆ ಸಾಕು. ರಿಂಗ್ ಆದರೆ ಪಿಸ್ಟನ್ ಹೊರಗೆ ಬರಬೇಕು, ಬೋರ್ (ಪಿಸ್ಟನ್ ಓಡಾಡುವ ಕೊಳವೆ) ಅಳೆಯಬೇಕು. ವಾಲ್ವ್ ಒತ್ತುವ ಟ್ಯಾಪೆಟ್ ಬಿಗಿಯಾಗಿದ್ದರಂತೂ ಸಂದು ಅಳೆಯುವ ಒಂದು ಫೀಲರ್ ಗೇಜ್ ಮತ್ತು ಸ್ಪ್ಯಾನರ್‌ನಲ್ಲೇ ಮುಗಿಯಬಹುದು. ಏನನ್ನೂ ಬಿಚ್ಚದೆ ಇದನ್ನು ತಿಳಿಯಲು ಇರುವ ಒಳ್ಳೆಯ ದಾರಿ ಲೀಕ್‌ಡೌನ್ ಟೆಸ್ಟ್. ಸಿಲಿಂಡರ್‌ಗೆ ಹೊರಗಿನಿಂದ ಗಾಳಿ ತುಂಬುವುದು, ಎಷ್ಟು ನಿಲ್ಲುತ್ತದೆ ನೋಡುವುದು, ಹೋಗುವ ಗಾಳಿ ಎಲ್ಲಿಂದ ಹೋಗುತ್ತಿದೆ ಅಂತ ಕಿವಿಗೊಟ್ಟು ಕೇಳುವುದು. ಇಷ್ಟೇ.

ಬಹಳ ಜನ ಗೇಜ್ ಮೇಲಿನ ಅಂಕಿಯನ್ನೇ ಈ ಟೆಸ್ಟ್ ಅಂದುಕೊಳ್ಳುತ್ತಾರೆ. ನನ್ನ ಲೆಕ್ಕದಲ್ಲಿ ಅಂಕಿಗೆ ಅರ್ಧಕ್ಕಿಂತ ಕಡಿಮೆ ಬೆಲೆ. ಮುಕ್ಕಾಲು ವಿಷಯ ಕಿವಿಯಿಂದಲೇ ಗೊತ್ತಾಗುವುದು. ಅದಕ್ಕೇ ಈ ಲೇಖನದಲ್ಲಿ ಕೇಳುವ ಭಾಗಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಒಳಗೆ ನಡೆಯುವುದೇನು

ಕಂಪ್ರೆಷನ್ ಟೆಸ್ಟ್‌ನಲ್ಲಿ ಎಂಜಿನ್ ತಾನೇ ಗಾಳಿಯನ್ನು ಒತ್ತುತ್ತದೆ. ಹಾಗಾಗಿ ಬ್ಯಾಟರಿ ಇಳಿದಿದ್ದರೆ, ಸ್ಟಾರ್ಟರ್ ನಿಧಾನವಾಗಿದ್ದರೆ, ಥ್ರಾಟಲ್ ಪೂರ್ತಿ ತೆರೆಯದಿದ್ದರೆ, ವಾಲ್ವ್ ತೆರೆಸುವ ಕ್ಯಾಮ್ ಸವೆದಿದ್ದರೆ ಅಂಕಿ ಬದಲಾಗುತ್ತದೆ. ಲೀಕ್‌ಡೌನ್‌ನಲ್ಲಿ ಎಂಜಿನ್ ತಿರುಗುವುದೇ ಇಲ್ಲ. ಪಿಸ್ಟನ್ ಕಂಪ್ರೆಷನ್ ಸ್ಟ್ರೋಕ್‌ನ ತುದಿಯಲ್ಲಿ, ಅಂದರೆ ಟಿಡಿಸಿಯಲ್ಲಿ (ಟಾಪ್ ಡೆಡ್ ಸೆಂಟರ್, ಪಿಸ್ಟನ್ ಏರುವ ಅತಿ ಮೇಲಿನ ಜಾಗ) ನಿಂತಿರುತ್ತದೆ. ಎರಡೂ ಬಗೆಯ ವಾಲ್ವ್ ಮುಚ್ಚಿರುತ್ತವೆ. ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಒಳಗೆ ಹೋಗುತ್ತದೆ.

ಟೆಸ್ಟರ್‌ನಲ್ಲಿ ಮೊದಲು ಒಂದು ರೆಗ್ಯುಲೇಟರ್, ಆಮೇಲೆ ಒಂದು ಗೇಜ್, ಆಮೇಲೆ ಅಳತೆ ಮಾಡಿ ಕೊರೆದ ಒಂದು ಸಣ್ಣ ತೂತು, ಅದರ ಆಚೆ ಇನ್ನೊಂದು ಗೇಜ್, ಕೊನೆಗೆ ಸಿಲಿಂಡರ್‌ಗೆ ಹೋಗುವ ಪೈಪ್. ಇಡೀ ಕಿತಾಪತಿ ಆ ಸಣ್ಣ ತೂತಿನದು. ಸಿಲಿಂಡರ್ ಎಲ್ಲೂ ಸೋರದಿದ್ದರೆ ತೂತಿನ ಮೂಲಕ ಗಾಳಿ ಹರಿಯುವುದೇ ಇಲ್ಲ. ಎರಡೂ ಗೇಜ್ ಒಂದೇ ಅಂಕಿ ತೋರಿಸುತ್ತವೆ. ಸೋರಿದರೆ ಗಾಳಿ ಹರಿಯಲೇಬೇಕು. ಹರಿಯುವಾಗ ತೂತು ತಡೆಯುತ್ತದೆ, ಆಚೆ ಕಡೆ ಒತ್ತಡ ಇಳಿಯುತ್ತದೆ. ಮೊದಲ ಗೇಜ್ 100 ಪಿಎಸ್‌ಐ (ಟೈರ್ ಗಾಳಿಗೂ ಬಳಸುವ ಒತ್ತಡದ ಅಳತೆ), ಎರಡನೆಯದು 92 ತೋರಿಸಿದರೆ ಸೋರಿಕೆ ಶೇ. 8.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಶೇ. 20 ಅಂದರೆ ಸಿಲಿಂಡರ್‌ನ ಗಾಳಿಯಲ್ಲಿ ಐದನೇ ಒಂದು ಭಾಗ ಸೋರಿ ಹೋಯಿತು ಅಂತ ಅಲ್ಲ. ಅದು ತೂತಿನ ಎರಡು ಕಡೆಯ ಒತ್ತಡದ ವ್ಯತ್ಯಾಸ, ಅಷ್ಟೇ. ಟೆಸ್ಟರ್‌ನ ತೂತು 1 ಮಿ.ಮೀ. ಇದೆ ಅಂತ ಇಟ್ಟುಕೊಳ್ಳಿ. 100 ಪಿಎಸ್‌ಐಗೆ ಲೆಕ್ಕ ಹಾಕಿದರೆ, ಸಿಲಿಂಡರ್‌ನಲ್ಲಿ ಅಷ್ಟೇ ದೊಡ್ಡ ಸೋರಿಕೆ ಇದ್ದಾಗ ಗೇಜ್ ಸುಮಾರು ಶೇ. 22 ತೋರಿಸುತ್ತದೆ. ಸೋರಿಕೆಯ ವಿಸ್ತೀರ್ಣ ಅದರ ಅರ್ಧ ಇದ್ದರೆ ಶೇ. 6ರ ಆಸುಪಾಸು. ಎರಡರಷ್ಟಾದರೆ ಶೇ. 57ರ ಹತ್ತಿರ. ಅಂದರೆ ಅಂಕಿ ನೇರವಾಗಿ ಏರುವುದಿಲ್ಲ. ಮೊದಲು ಮೆಲ್ಲಗೆ, ಆಮೇಲೆ ದಡಬಡ ಅಂತ ಏರುತ್ತದೆ. ಶೇ. 6 ಇದ್ದ ಸಿಲಿಂಡರ್ 12ಕ್ಕೆ ಬಂದರೆ ಸೋರಿಕೆ ಎರಡರಷ್ಟಾಯಿತು ಅಂತ ಗಾಬರಿ ಬೀಳಬೇಡಿ. ಅಷ್ಟೊಂದು ಆಗಿರುವುದಿಲ್ಲ.

ಇದರಿಂದ ಇನ್ನೊಂದು ಮಾತೂ ಹೊರಡುತ್ತದೆ. ತೂತಿನ ಅಳತೆ ಬೇರೆ ಆದರೆ ಅದೇ ಸಿಲಿಂಡರ್‌ಗೆ ಬೇರೆ ಅಂಕಿ ಬರುತ್ತದೆ. ಅಂಗಡಿಯಲ್ಲಿ ಸಿಗುವ ಟೆಸ್ಟರ್‌ಗಳೆಲ್ಲ ಒಂದೇ ಅಳತೆಯವಲ್ಲ. ಗೆಳೆಯನ ಟೆಸ್ಟರ್‌ನಲ್ಲಿ 9 ಬಂತು, ನನ್ನದರಲ್ಲಿ 16 ಬಂತು ಅಂತ ಜಗಳ ಆಡಿ ಪ್ರಯೋಜನ ಇಲ್ಲ. ಸಣ್ಣ ವಿಮಾನಗಳ ಪಿಸ್ಟನ್ ಎಂಜಿನ್‌ಗೂ ಇದೇ ಟೆಸ್ಟ್ ಮಾಡುತ್ತಾರೆ. ಅಲ್ಲಿ ಒತ್ತಡ 80 ಪಿಎಸ್‌ಐ, ಸಾಮಾನ್ಯ ಗಾತ್ರದ ಎಂಜಿನ್‌ಗೆ ತೂತು 0.040 ಇಂಚು, ಅಂದರೆ ಹೆಚ್ಚುಕಮ್ಮಿ 1 ಮಿ.ಮೀ. ಫಲಿತಾಂಶವನ್ನು ಶೇಕಡಾದಲ್ಲಿ ಹೇಳದೆ 72/80 ಅಂತ ಬರೆದಿಡುತ್ತಾರೆ. ಅಳತೆ ಗೊತ್ತುಮಾಡಿರುವುದರಿಂದ ಅಲ್ಲಿ ಒಬ್ಬರ ಅಂಕಿಯನ್ನು ಇನ್ನೊಬ್ಬರದರ ಜೊತೆ ಹೋಲಿಸಬಹುದು. ಗಾಡಿಗಳ ಲೋಕದಲ್ಲಿ ಆ ಶಿಸ್ತು ಇಲ್ಲ.

ಬೇಕಾಗುವ ಸಾಮಾನು

ಟೆಸ್ಟರ್, ಪ್ಲಗ್ ತೂತಿನ ಅಳತೆಗೆ ಸರಿಯಾದ ಅಡಾಪ್ಟರ್, ಕಂಪ್ರೆಸರ್. ಕಾರುಗಳಲ್ಲಿ 14 ಮಿ.ಮೀ. ಮತ್ತು 12 ಮಿ.ಮೀ. ಪ್ಲಗ್ ಸಾಮಾನ್ಯ. ಬೈಕ್‌ಗಳಲ್ಲಿ 10 ಮಿ.ಮೀ. ಕೂಡ ಜಾಸ್ತಿ. ಕಂಪ್ರೆಸರ್ ದೊಡ್ಡದೇ ಬೇಕು ಅಂತಿಲ್ಲ. 1 ಮಿ.ಮೀ. ತೂತಿನಿಂದ 100 ಪಿಎಸ್‌ಐಯಲ್ಲಿ ನಿಮಿಷಕ್ಕೆ ಹೆಚ್ಚೆಂದರೆ 70 ಲೀಟರ್ ಗಾಳಿ ಹೋಗಬಹುದು, ಅದೂ ಸಿಲಿಂಡರ್ ಪೂರ್ತಿ ಸೋರುತ್ತಿದ್ದರೆ. ಸಣ್ಣ ಟ್ಯಾಂಕ್ ಇರುವ ಕಂಪ್ರೆಸರ್ ಧಾರಾಳವಾಗಿ ಸಾಕು. ಟ್ಯಾಂಕ್‌ನ ಒತ್ತಡ ನೀವು ಇಡುವ ಒತ್ತಡಕ್ಕಿಂತ ಜಾಸ್ತಿ ಇರಬೇಕು ಅನ್ನುವುದು ಮಾತ್ರ ಮುಖ್ಯ. ಟ್ಯಾಂಕ್‌ನ ಕೆಳಗೆ ನಿಂತ ನೀರನ್ನು ಮೊದಲು ಬಸಿದುಬಿಡಿ.

ಜೊತೆಗೆ ಎರಡು ಅಡಿ ಉದ್ದದ ರಬ್ಬರ್ ಪೈಪ್, ಒಂದು ತೆಳು ಕಾಗದದ ಚೂರು, ಟಾರ್ಚ್, ಕ್ರ್ಯಾಂಕ್ ಪುಲ್ಲಿ ಬೋಲ್ಟ್‌ಗೆ ಸರಿಯಾದ ಸಾಕೆಟ್, ಉದ್ದ ಹಿಡಿಯ ರ‍್ಯಾಚೆಟ್, ಬರೆಯಲು ಪೆನ್ನು. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಪ್ಲಗ್ ತೂತಿನಿಂದ ಕಾರ್ಬನ್ ಚೂರು ಹಾರಿ ಬರುವುದುಂಟು.

ಕಂಪ್ರೆಷನ್ ಗೇಜ್‌ನ ಪೈಪನ್ನೇ ಇದಕ್ಕೂ ಬಳಸುವವರಿಗೆ ಒಂದು ಎಚ್ಚರಿಕೆ. ಆ ಪೈಪಿನ ತುದಿಯಲ್ಲಿ ಟೈರಿನಲ್ಲಿ ಇರುವಂಥದ್ದೇ ಒಂದು ಪುಟ್ಟ ವಾಲ್ವ್ ಇರುತ್ತದೆ. ಒಳಗೆ ಬಂದ ಗಾಳಿಯನ್ನು ಹಿಡಿದಿಡುವುದು ಅದರ ಕೆಲಸ. ಲೀಕ್‌ಡೌನ್‌ಗೆ ಅದನ್ನು ಬಿಚ್ಚಿ ತೆಗೆಯಲೇಬೇಕು. ಇಲ್ಲದಿದ್ದರೆ ಗೇಜ್ ಸುಳ್ಳು ಹೇಳುತ್ತದೆ.

ಎಂಜಿನ್‌ಗೆ ಕೈ ಹಾಕುವ ಮೊದಲು ಟೆಸ್ಟರ್‌ನ ಸೋರಿಕೆಯನ್ನೇ ನೋಡಿ. ಪೈಪಿನ ತುದಿ ಮುಚ್ಚಿ ಗಾಳಿ ಬಿಡಿ. ಎರಡು ಗೇಜ್ ಒಂದೇ ಅಂಕಿಯಲ್ಲಿ ನಿಲ್ಲಬೇಕು. ನಿಲ್ಲದಿದ್ದರೆ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಬರುವ ಜಾಗ ಕಾಣುತ್ತದೆ.

ಎಂಜಿನ್ ಅಣಿ ಮಾಡುವುದು

ಎಂಜಿನ್ ಬೆಚ್ಚಗಿರಬೇಕು. ಬಿಸಿಯಾದಾಗ ಪಿಸ್ಟನ್ ಹಿಗ್ಗುತ್ತದೆ, ರಿಂಗ್‌ನ ಬಾಯಿ ಕೂಡುತ್ತದೆ, ಆಯಿಲ್ ಎಲ್ಲ ಕಡೆ ಹರಡಿರುತ್ತದೆ. ತಣ್ಣಗಿದ್ದಾಗ ಟೆಸ್ಟ್ ಮಾಡಿದರೆ ರಿಂಗ್ ಕಡೆಯ ಸೋರಿಕೆ ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ. ಸ್ಟಾರ್ಟೇ ಆಗದ ಎಂಜಿನ್ ಆದರೆ ಬೇರೆ ದಾರಿ ಇಲ್ಲ, ತಣ್ಣಗೇ ಮಾಡಿ. ಅದನ್ನು ಕಾಗದದ ಮೇಲೆ ಬರೆದಿಡಿ.

ಆದರೆ ಬೆಚ್ಚಗೆ ಅಂದರೆ ಕುದಿಯುವಷ್ಟು ಬಿಸಿ ಅಲ್ಲ. ಸೈಲೆನ್ಸರ್ ಪೈಪ್ ಕೈ ಸುಡುತ್ತದೆ. ರೇಡಿಯೇಟರ್ ಮುಚ್ಚಳವನ್ನೂ ನೀವು ತೆಗೆಯಬೇಕಾಗುತ್ತದೆ. ಬಿಸಿ ಎಂಜಿನ್‌ನಲ್ಲಿ ಅದನ್ನು ತಿರುಗಿಸಿದರೆ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಎಂಜಿನ್ ಆಫ್ ಮಾಡಿ ಕಾಯಿರಿ. ಮೇಲಿನ ರೇಡಿಯೇಟರ್ ಹೋಸ್ ಹಿಸುಕಿದರೆ ಮೆತ್ತಗಿರಬೇಕು, ಮುಚ್ಚಳ ಬರಿಗೈಯಲ್ಲಿ ಹಿಡಿಯುವಷ್ಟು ತಣಿದಿರಬೇಕು. ಅಷ್ಟು ಹೊತ್ತಿಗೂ ಒಳಗೆ ಬೇಕಾದಷ್ಟು ಬಿಸಿ ಉಳಿದಿರುತ್ತದೆ.

ಇಗ್ನಿಷನ್ ಮತ್ತು ಇಂಧನದ ಫ್ಯೂಸ್ ತೆಗೆಯಿರಿ, ಇಲ್ಲವೇ ಬ್ಯಾಟರಿಯ ನೆಗೆಟಿವ್ ಬಿಡಿಸಿ. ಪ್ಲಗ್ ಸುತ್ತ ಕೂತ ಧೂಳನ್ನು ಊದಿ ತೆಗೆದ ಮೇಲೇ ಪ್ಲಗ್ ಬಿಚ್ಚಿ. ಎಲ್ಲ ಪ್ಲಗ್‌ಗಳನ್ನೂ ತೆಗೆದರೆ ಕ್ರ್ಯಾಂಕ್ ಕೈಯಲ್ಲಿ ಸಲೀಸಾಗಿ ತಿರುಗುತ್ತದೆ. ಪ್ಲಗ್‌ಗಳನ್ನು ಸಾಲಾಗಿ, ಯಾವ ಸಿಲಿಂಡರ್‌ನದು ಅಂತ ಗೊತ್ತಾಗುವಂತೆ ಇಡಿ. ಒಂದಕ್ಕೆ ಮಾತ್ರ ಆಯಿಲ್ ಮೆತ್ತಿದ್ದರೆ ಟೆಸ್ಟ್‌ಗೆ ಮೊದಲೇ ಅರ್ಧ ಸುಳಿವು ಸಿಕ್ಕ ಹಾಗೆ.

ಆಮೇಲೆ ಗಾಳಿ ಹೊರಬರುವ ಬಾಗಿಲುಗಳನ್ನೆಲ್ಲ ತೆರೆಯಿರಿ. ಏರ್ ಫಿಲ್ಟರ್‌ನ ಪೈಪ್ ಬಿಚ್ಚಿ ಥ್ರಾಟಲ್ ತೆರೆದಿಡಿ. ಆಯಿಲ್ ತುಂಬುವ ಮುಚ್ಚಳ ತೆಗೆಯಿರಿ. ಡಿಪ್‌ಸ್ಟಿಕ್ ಎಳೆಯಿರಿ. ರೇಡಿಯೇಟರ್ ಅಥವಾ ಕೂಲೆಂಟ್ ಟ್ಯಾಂಕ್‌ನ ಮುಚ್ಚಳ ತೆಗೆದು ನೀರು ಕಾಣುವಷ್ಟು ತುಂಬಿಸಿ. ಕ್ರ್ಯಾಂಕ್‌ಕೇಸ್‌ನಿಂದ (ಕ್ರ್ಯಾಂಕ್ ಇರುವ ಎಂಜಿನ್‌ನ ಕೆಳಗಿನ ಪೆಟ್ಟಿಗೆ) ಗಾಳಿ ಎಳೆಯುವ ಇನ್‌ಟೇಕ್‌ಗೆ ಹೋಗುವ ಬ್ರೀದರ್ ಪೈಪನ್ನೂ ಬಿಡಿಸಿ. ಇದನ್ನು ಬಹಳ ಜನ ಮರೆಯುತ್ತಾರೆ. ಯಾಕೆ ಬೇಕು ಅಂತ ಮುಂದೆ ಹೇಳುತ್ತೇನೆ.

ಟಿಡಿಸಿ ಹುಡುಕುವುದು

ಇಡೀ ಟೆಸ್ಟ್‌ನಲ್ಲಿ ಕೈ ತಪ್ಪುವುದು ಇಲ್ಲೇ.

ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಪಿಸ್ಟನ್ ಎರಡು ಸಲ ಮೇಲಕ್ಕೆ ಬರುತ್ತದೆ. ಒಮ್ಮೆ ಕಂಪ್ರೆಷನ್‌ಗೆ, ಇನ್ನೊಮ್ಮೆ ಹೊಗೆ ತಳ್ಳಲು. ನಮಗೆ ಬೇಕಾದದ್ದು ಮೊದಲನೆಯದು. ಪ್ಲಗ್ ತೂತಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು, ಎಂಜಿನ್ ಸಹಜವಾಗಿ ತಿರುಗುವ ದಿಕ್ಕಿನಲ್ಲೇ ಕ್ರ್ಯಾಂಕ್ ತಿರುಗಿಸಿ. ಬೆರಳನ್ನು ಗಾಳಿ ತಳ್ಳತೊಡಗಿದರೆ ಅದು ಕಂಪ್ರೆಷನ್. ಈಗ ತೂತಿನೊಳಗೆ ಪ್ಲಾಸ್ಟಿಕ್ ಸ್ಟ್ರಾ ಅಥವಾ ತೆಳು ಮರದ ಕಡ್ಡಿ ಇಳಿಸಿ, ಮೆಲ್ಲಗೆ ತಿರುಗಿಸುತ್ತ ಹೋಗಿ. ಕಡ್ಡಿ ಏರುತ್ತದೆ, ಏರುತ್ತದೆ, ಒಂದು ಕಡೆ ನಿಂತುಬಿಡುತ್ತದೆ, ಆಮೇಲೆ ಇಳಿಯಲು ಶುರು ಮಾಡುತ್ತದೆ. ಆ ನಿಂತ ಜಾಗವೇ ಟಿಡಿಸಿ. ಸ್ಕ್ರೂಡ್ರೈವರ್ ಇಳಿಸಬೇಡಿ. ಓರೆಯಾಗಿ ಸಿಕ್ಕಿಕೊಂಡರೆ ಪಿಸ್ಟನ್ ಗೀರುತ್ತದೆ, ಇಲ್ಲವೇ ಪ್ಲಗ್‌ನ ಥ್ರೆಡ್ ಹಾಳಾಗುತ್ತದೆ.

ಸ್ವಲ್ಪ ದಾಟಿ ಹೋದರೆ ಹಿಂದಕ್ಕೆ ತಿರುಗಿಸಿ ಸರಿಪಡಿಸುವ ಆಸೆ ಬರುತ್ತದೆ. ಬೇಡ. ಟೈಮಿಂಗ್ ಚೈನ್ ಅಥವಾ ಬೆಲ್ಟ್ ಹಿಂದೆ ತಿರುಗಿದರೆ ಸಡಿಲ ಬೀಳಬಹುದು. ಮುಂದಕ್ಕೇ ಎರಡು ಪೂರ್ತಿ ಸುತ್ತು ಹಾಕಿ ಮತ್ತೆ ಬನ್ನಿ.

ಟಿಡಿಸಿಗೆ ಇಷ್ಟು ಒತ್ತು ಯಾಕೆ? ಒಂದು ಲೆಕ್ಕ ನೋಡಿ. 80 ಮಿ.ಮೀ. ಬೋರ್ ಇರುವ ಪಿಸ್ಟನ್‌ನ ಮೇಲ್ಭಾಗ ಸುಮಾರು 50 ಚದರ ಸೆಂ.ಮೀ. 100 ಪಿಎಸ್‌ಐ ಅಂದರೆ ಚದರ ಸೆಂ.ಮೀ.ಗೆ 7 ಕೆ.ಜಿ. ಒಟ್ಟು 350 ಕೆ.ಜಿ. ಭಾರ ಪಿಸ್ಟನ್ ಮೇಲೆ ಕೂತ ಹಾಗೆ. ಪಿಸ್ಟನ್ ನೆಟ್ಟಗೆ ತುದಿಯಲ್ಲಿದ್ದರೆ ಆ ಭಾರ ಕನೆಕ್ಟಿಂಗ್ ರಾಡ್ ಮೂಲಕ ನೇರ ಕ್ರ್ಯಾಂಕ್‌ನ ನಡುವಿಗೆ ಹೋಗುತ್ತದೆ, ತಿರುಗಿಸುವ ಬಲವೇ ಇರುವುದಿಲ್ಲ. ಹತ್ತು ಡಿಗ್ರಿ ಆಚೀಚೆ ಆದರೆ ಸಾಕು, ಪ್ಲಗ್ ತೆಗೆದ ಎಂಜಿನ್ ಅನ್ನು ಗಿರ್ರನೆ ತಿರುಗಿಸುವಷ್ಟು ಬಲ ಬರುತ್ತದೆ.

ಇದನ್ನು ನಾನು ಓದಿ ಕಲಿತದ್ದಲ್ಲ. ಒಮ್ಮೆ ರ‍್ಯಾಚೆಟ್ ಅನ್ನು ಕ್ರ್ಯಾಂಕ್ ಬೋಲ್ಟ್ ಮೇಲೇ ಬಿಟ್ಟು ಗಾಳಿ ತಿರುಗಿಸಿದೆ. ಟಿಡಿಸಿ ಚೂರು ತಪ್ಪಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಕ್ರ್ಯಾಂಕ್ ಅರ್ಧ ಸುತ್ತು ಹೊಡೆಯಿತು. ರ‍್ಯಾಚೆಟ್‌ನ ಹಿಡಿ ಫ್ಯಾನ್‌ನ ಪ್ಲಾಸ್ಟಿಕ್ ಕವರ್‌ಗೆ ಬಡಿದು ಅದು ಮೇಲಿಂದ ಕೆಳಗೆ ಸೀಳಿತು. ಒಂದು ನಿಮಿಷ ಮೊದಲು ನನ್ನ ಎಡಗೈ ಅಲ್ಲೇ ಇತ್ತು. ಆವತ್ತಿನಿಂದ ಸಾಕೆಟ್ ತೆಗೆದು ನೆಲದ ಮೇಲೆ, ಕಣ್ಣಿಗೆ ಕಾಣುವ ಹಾಗೆ ಇಟ್ಟ ಮೇಲೇ ಗಾಳಿಗೆ ಕೈ ಹಾಕುವುದು.

ಗಾಳಿ ಬಿಡುವುದು

ಅಡಾಪ್ಟರ್ ಅನ್ನು ಕೈಯಲ್ಲೇ ತಿರುಗಿಸಿ ಬಿಗಿ ಮಾಡಿ. ಮ್ಯಾನುಯಲ್ ಗೇರ್ ಗಾಡಿಯಾದರೆ ಟಾಪ್ ಗೇರ್‌ಗೆ ಹಾಕಿ ಹ್ಯಾಂಡ್‌ಬ್ರೇಕ್ ಎಳೆಯಿರಿ, ಚಕ್ರಕ್ಕೆ ಕಲ್ಲು ಕೊಡಿ. ಸಾಕೆಟ್ ತೆಗೆದದ್ದನ್ನು ಇನ್ನೊಮ್ಮೆ ನೋಡಿ. ಬೆಲ್ಟ್, ಫ್ಯಾನ್, ಪುಲ್ಲಿಗಳ ಹತ್ತಿರ ಯಾರ ಕೈಯೂ ಇರಬಾರದು.

ರೆಗ್ಯುಲೇಟರ್ ಪೂರ್ತಿ ಸಡಿಲ ಇರುವಾಗಲೇ ಕಂಪ್ರೆಸರ್ ಪೈಪ್ ಜೋಡಿಸಿ. ಮೊದಲು 15-20 ಪಿಎಸ್‌ಐ ಮಾತ್ರ ಬಿಡಿ. ಕ್ರ್ಯಾಂಕ್ ಅಲ್ಲಾಡದೆ ನಿಂತಿದೆಯಾ? ನಿಂತಿದ್ದರೆ ನಿಧಾನಕ್ಕೆ 100ಕ್ಕೆ ಏರಿಸಿ. ತಿರುಗಿದರೆ ಗಾಳಿ ಪೂರ್ತಿ ಬಿಟ್ಟು, ಟಿಡಿಸಿ ಮತ್ತೆ ಹುಡುಕಿ. 100 ಅಂದದ್ದು ಲೆಕ್ಕ ಸುಲಭ ಅಂತ. 80 ಇಟ್ಟರೂ ಆದೀತು. ಎಲ್ಲ ಸಿಲಿಂಡರ್‌ಗೂ ಒಂದೇ ಇರಲಿ.

ಮುಳ್ಳು ನಿಲ್ಲಲು ಐದಾರು ಸೆಕೆಂಡು ಕೊಡಿ. ಎರಡನೇ ಗೇಜ್ ಓದುವ ಮುನ್ನ ಮೊದಲನೆಯದು ಇನ್ನೂ 100ರಲ್ಲೇ ಇದೆಯಾ ನೋಡಿ. ಸೋರಿಕೆ ಜಾಸ್ತಿ ಇದ್ದರೆ ಅದೂ ಇಳಿಯುತ್ತದೆ, ಮತ್ತೆ ಸರಿಪಡಿಸಬೇಕು. ಅಂಕಿ ಬರೆದುಕೊಳ್ಳಿ. ಗಾಳಿ ನಿಲ್ಲಿಸಬೇಡಿ, ಕೇಳುವ ಕೆಲಸ ಇದೆ.

ಗಾಳಿ ಪೂರ್ತಿ ಬಿಟ್ಟು, ಗೇರ್ ನ್ಯೂಟ್ರಲ್‌ಗೆ ತಂದು ಮುಂದಿನ ಸಿಲಿಂಡರ್‌ಗೆ ಹೋಗುವಾಗ ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳು ಉರಿಯುವ ಸರದಿ) ಹಿಡಿದು ಹೋದರೆ ಸುಲಭ. 1-3-4-2 ಇರುವ ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಒಂದನೆಯದು ಮುಗಿದ ಮೇಲೆ ಕ್ರ್ಯಾಂಕ್ ಅರ್ಧ ಸುತ್ತು ತಿರುಗಿಸಿದರೆ ಮೂರನೆಯದು ಟಿಡಿಸಿಗೆ ಬರುತ್ತದೆ. ಮೂರು ಸಿಲಿಂಡರ್ ಆದರೆ 240 ಡಿಗ್ರಿ. ಆರು ಸಿಲಿಂಡರ್‌ನ ಸಾಮಾನ್ಯ ಎಂಜಿನ್‌ಗೆ 120. ಆದರೂ ಕಡ್ಡಿ ಇಳಿಸಿ ಖಾತ್ರಿ ಮಾಡಿಕೊಳ್ಳಿ. ಒಂದು ಸಿಲಿಂಡರ್ ಕೆಟ್ಟದ್ದು ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಿಸಬೇಡಿ, ಎಲ್ಲವನ್ನೂ ನೋಡಿ.

ಕಿವಿಗೊಡುವುದು

ರಬ್ಬರ್ ಪೈಪಿನ ಒಂದು ತುದಿ ಕಿವಿಯ ಹತ್ತಿರ, ಇನ್ನೊಂದು ತುದಿ ಎಂಜಿನ್‌ನ ಒಂದೊಂದೇ ಬಾಗಿಲಿಗೆ. ಕಂಪ್ರೆಸರ್ ಓಡುತ್ತಿದ್ದರೆ ಏನೂ ಕೇಳುವುದಿಲ್ಲ. ಟ್ಯಾಂಕ್ ತುಂಬಿಸಿ ಅದನ್ನು ಆಫ್ ಮಾಡಿ.

ಥ್ರಾಟಲ್ ಬಾಯಲ್ಲಿ ಸುಯ್ ಅಂತ ಕೇಳಿದರೆ ಇನ್‌ಟೇಕ್ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಸೈಲೆನ್ಸರ್ ತುದಿಯಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್. ಸೈಲೆನ್ಸರ್ ಉದ್ದ ಇರುತ್ತದೆ, ನಡುವೆ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ, ಟರ್ಬೊ ಇದ್ದರೆ ಅದೂ ಅಡ್ಡ. ಸದ್ದು ಅಲ್ಲೇ ಸತ್ತುಹೋಗುತ್ತದೆ. ಹಾಗಾಗಿ ತೆಳು ಕಾಗದದ ಚೂರನ್ನು ತುದಿಯಲ್ಲಿ ಹಿಡಿದು ಅಲುಗುತ್ತದೆಯಾ ನೋಡಿ. ಆಕ್ಸಿಜನ್ ಸೆನ್ಸರ್ ಬಿಚ್ಚಲು ಬಂದರೆ ಆ ತೂತಿಗೆ ಪೈಪ್ ಹಿಡಿಯುವುದು ಇನ್ನೂ ಒಳ್ಳೆಯದು. ಎಂಜಿನ್‌ಗೆ ಹತ್ತಿರ, ಸದ್ದು ಸ್ಪಷ್ಟ.

ಆಯಿಲ್ ಮುಚ್ಚಳದ ಬಾಯಿ ಅಥವಾ ಡಿಪ್‌ಸ್ಟಿಕ್‌ನ ಕೊಳವೆಯಲ್ಲಿ ಗಾಳಿ ಬಂದರೆ ಅದು ರಿಂಗ್ ದಾಟಿ ಕೆಳಗೆ ಇಳಿದ ಗಾಳಿ. ಇದು ಸ್ವಲ್ಪ ಇದ್ದೇ ಇರುತ್ತದೆ. ರಿಂಗ್‌ನ ಬಾಯಿಯಲ್ಲಿ ಸಂದು ಬಿಟ್ಟೇ ಮಾಡಿರುತ್ತಾರೆ, ಹೊಸ ಎಂಜಿನ್‌ನಲ್ಲೂ ಮೆಲ್ಲಗೆ ಉಸಿರಾಡಿದ ಹಾಗೆ ಕೇಳುತ್ತದೆ. ಜೋರಾಗಿ ಬುಸ್ ಅಂದರೆ ಮಾತ್ರ ಚಿಂತೆ. ನಾಲ್ಕೂ ಸಿಲಿಂಡರ್‌ನಲ್ಲಿ ಈ ಸದ್ದನ್ನು ಹೋಲಿಸಿ. ಕಿವಿ ಎರಡನೇ ಸಿಲಿಂಡರ್ ಹೊತ್ತಿಗೇ ಪಳಗುತ್ತದೆ.

ರೇಡಿಯೇಟರ್‌ನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಲ್ಲವೇ ಹೆಡ್ ಅಥವಾ ಬ್ಲಾಕ್ ಬಿರುಕು ಬಿಟ್ಟಿದೆ. ಇಲ್ಲಿ ಅವಸರ ಬೇಡ. ಗುಳ್ಳೆ ಮೇಲೆ ಬರಲು ಒಂದೆರಡು ನಿಮಿಷ ಬೇಕಾಗಬಹುದು. ಮೊದಲು ಬರುವ ಒಂದೆರಡು ಗುಳ್ಳೆ ಒಳಗೆ ಸಿಕ್ಕಿಕೊಂಡಿದ್ದ ಗಾಳಿಯೂ ಇರಬಹುದು. ಬಿಡದೆ ಬರುತ್ತಲೇ ಇದ್ದು, ಟೆಸ್ಟರ್ ಗಾಳಿ ನಿಲ್ಲಿಸಿದಾಗ ನಿಂತರೆ ಅನುಮಾನ ಉಳಿಯುವುದಿಲ್ಲ. ನೀರು ಕಡಿಮೆಯಾಗುತ್ತಿದೆ, ಆದರೆ ಎಲ್ಲೂ ತೊಟ್ಟಿಕ್ಕುತ್ತಿಲ್ಲ ಅನ್ನುವ ಗಾಡಿಗಳಲ್ಲಿ ನಾನು ಮೊದಲು ನೋಡುವುದೇ ಇದನ್ನು. ಗ್ಯಾಸ್ಕೆಟ್ ಸೋರಿಕೆ ಸಣ್ಣದಿದ್ದಾಗ ಗೇಜ್ ಶೇ. 7-8 ಅಂತ ಒಳ್ಳೆಯ ಅಂಕಿಯನ್ನೇ ತೋರಿಸಬಹುದು. ಗುಳ್ಳೆ ಮಾತ್ರ ಬರುತ್ತಿರುತ್ತದೆ. ಅಂಕಿ ನಂಬಿ ಎದ್ದು ಹೋದವರಿಗೆ ಅದು ಗೊತ್ತಾಗುವುದೇ ಇಲ್ಲ.

ಪಕ್ಕದ ಸಿಲಿಂಡರ್‌ನ ಪ್ಲಗ್ ತೂತಿನಿಂದ ಗಾಳಿ ಬಂದರೆ ಎರಡರ ನಡುವೆ ಗ್ಯಾಸ್ಕೆಟ್ ಸುಟ್ಟಿದೆ ಅಂತ ಹೇಳುತ್ತಾರೆ. ಸಾಮಾನ್ಯವಾಗಿ ನಿಜ. ಆದರೆ ಒಂದು ಮೋಸ ಇದೆ. ಇನ್‌ಟೇಕ್ ವಾಲ್ವ್ ಸೋರಿದ ಗಾಳಿ ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ಹೋಗುತ್ತದೆ. ಆ ಹೊತ್ತಿಗೆ ಇನ್ನೊಂದು ಸಿಲಿಂಡರ್‌ನ ಇನ್‌ಟೇಕ್ ವಾಲ್ವ್ ತೆರೆದಿದ್ದರೆ ಅಲ್ಲಿಂದ ಇಳಿದು ಅದರ ಪ್ಲಗ್ ತೂತಿನಲ್ಲಿ ಹೊರಬರುತ್ತದೆ. ಥ್ರಾಟಲ್ ಬಾಯಲ್ಲೂ ಸದ್ದು ಇದೆಯಾ ನೋಡಿ. ಇದ್ದರೆ ಗ್ಯಾಸ್ಕೆಟ್ ಮೇಲೆ ತಪ್ಪು ಹೊರಿಸುವ ಮೊದಲು ಯೋಚಿಸಿ.

ಬ್ರೀದರ್ ಪೈಪ್ ಬಿಡಿಸಲು ಹೇಳಿದ್ದೂ ಇಂಥದ್ದೇ ಕಾರಣಕ್ಕೆ. ರಿಂಗ್ ದಾಟಿದ ಗಾಳಿ ಕ್ರ್ಯಾಂಕ್‌ಕೇಸ್‌ನಿಂದ ಆ ಪೈಪ್ ಹಿಡಿದು ಇನ್‌ಟೇಕ್‌ಗೆ ಬರುತ್ತದೆ. ಥ್ರಾಟಲ್‌ನಲ್ಲಿ ಸುಯ್ ಅನ್ನುತ್ತದೆ. ನೀವು ಇನ್‌ಟೇಕ್ ವಾಲ್ವ್ ಅಂದುಕೊಂಡು ಹೆಡ್ ಇಳಿಸುತ್ತೀರಿ. ವಾಲ್ವ್ ಪಳಪಳ ಅಂತಿರುತ್ತದೆ.

ಇನ್ನು, ಗೇಜ್ ಹೆಚ್ಚುಕಮ್ಮಿ ಸೊನ್ನೆಗೆ ಇಳಿದು ಥ್ರಾಟಲ್ ಮತ್ತು ಸೈಲೆನ್ಸರ್ ಎರಡರಲ್ಲೂ ಗಾಳಿ ನುಗ್ಗಿದರೆ ಎಂಜಿನ್ ಹೋಯಿತು ಅಂತ ತಲೆ ಮೇಲೆ ಕೈ ಹೊತ್ತು ಕೂರಬೇಡಿ. ನೀವು ಬಹುಶಃ ತಪ್ಪು ಟಿಡಿಸಿಯಲ್ಲಿ ಇದ್ದೀರಿ. ಹೊಗೆ ತಳ್ಳುವ ಸ್ಟ್ರೋಕ್‌ನ ತುದಿಯಲ್ಲಿ ಎರಡೂ ವಾಲ್ವ್ ತುಸು ತೆರೆದಿರುತ್ತವೆ. ಕ್ರ್ಯಾಂಕ್ ಒಂದು ಪೂರ್ತಿ ಸುತ್ತು ತಿರುಗಿಸಿ ಮತ್ತೆ ನೋಡಿ.

ಅಂಕಿಯನ್ನು ಓದುವುದು

ಒಳ್ಳೆಯ ಎಂಜಿನ್‌ನಲ್ಲಿ ಶೇ. 10ರ ಒಳಗೆ ಇರುತ್ತದೆ. 20ರ ತನಕ ಓಡಿಸಲು ತೊಂದರೆ ಇಲ್ಲ. 20 ದಾಟಿದರೆ ಎಲ್ಲಿ ಸೋರುತ್ತಿದೆ ಅಂತ ಗಮನ ಕೊಡಿ. 30 ಮೀರಿದರೆ ಕೆಲಸ ಇದೆ ಅಂತಲೇ ಅರ್ಥ. ಇವು ಅಂದಾಜಿನ ಗೆರೆಗಳು. ಟೆಸ್ಟರ್‌ನ ತೂತಿನ ಮಾತು ನೆನಪಿದೆ ಅಲ್ವಾ?

ನಾನು ನೋಡುವುದು ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ. 14, 15, 13, 16 ಬಂದ ಎಂಜಿನ್ ಹಳೆಯದಾಗಿದೆ, ಆದರೆ ಸಮವಾಗಿ ಸವೆದಿದೆ. 6, 7, 24, 6 ಬಂದರೆ ಮೂರನೆಯದರಲ್ಲಿ ಏನೋ ಆಗಿದೆ. ಎರಡನೆಯ ಎಂಜಿನ್‌ನ ಮೂರು ಸಿಲಿಂಡರ್ ಎಷ್ಟೇ ಚೆನ್ನಾಗಿದ್ದರೂ ಮೊದಲು ಕೈ ಹಾಕಬೇಕಾದದ್ದು ಅದಕ್ಕೇ.

ತೀರ್ಪು ಕೊಡುವ ಮೊದಲು ಇನ್ನೊಮ್ಮೆ

ಕೆಟ್ಟ ಅಂಕಿ ಬಂದ ತಕ್ಷಣ ಸ್ಪ್ಯಾನರ್ ಹಿಡಿಯಬೇಡಿ. ಗಾಳಿ ಬಿಟ್ಟು, ಕ್ರ್ಯಾಂಕ್ ಎರಡು ಸುತ್ತು ತಿರುಗಿಸಿ, ಟಿಡಿಸಿಗೆ ಬಂದು ಮತ್ತೆ ಟೆಸ್ಟ್ ಮಾಡಿ. ರಿಂಗ್ ತನ್ನ ಜಾಗದಲ್ಲಿ ಸರಿಯಾಗಿ ಕೂರದೆ ಇದ್ದಿರಬಹುದು. ಬಹಳ ಕಾಲ ನಿಂತ ಎಂಜಿನ್ ಆದರೆ ಕೆಲವು ದಿನ ಓಡಿಸಿ ಆಮೇಲೆ ನೋಡುವುದೇ ಸರಿ.

ಒಮ್ಮೆ ರಾಕರ್ (ವಾಲ್ವ್ ಒತ್ತುವ ತೋಳು) ಇರುವ ಒಂದು ಹಳೆಯ ಎಂಜಿನ್‌ನ ಮೂರನೇ ಸಿಲಿಂಡರ್ 100ಕ್ಕೆ 58 ತೋರಿಸಿತು. ಸೈಲೆನ್ಸರ್ ತುದಿಯಲ್ಲಿ ಹಿಡಿದ ಕಾಗದ ಪಟಪಟ ಬಡಿಯುತ್ತಿತ್ತು. ಎಕ್ಸಾಸ್ಟ್ ವಾಲ್ವ್ ಸುಟ್ಟಿದೆ, ಹೆಡ್ ಇಳಿಸೋಣ ಅಂತ ನಿರ್ಧಾರವೂ ಆಗಿತ್ತು. ಆದರೂ ಒಂದು ಕೈ ನೋಡೋಣ ಅಂತ ವಾಲ್ವ್ ಕವರ್ ತೆಗೆದೆವು. ಟ್ಯಾಪೆಟ್‌ನಲ್ಲಿ ಸಂದು ಸರಿ ಇತ್ತು. ಗಾಳಿ ಒಳಗಿರುವಾಗಲೇ ಆ ವಾಲ್ವ್ ಮೇಲಿನ ರಾಕರ್ ತುದಿಗೆ ಮರದ ತುಂಡು ಇಟ್ಟು ಪ್ಲಾಸ್ಟಿಕ್ ಸುತ್ತಿಗೆಯಿಂದ ಮೆಲ್ಲಗೆ ಎರಡು ಸಲ ಕುಟ್ಟಿದೆ. ಟಪ್ ಅಂತ ಸದ್ದು, ಸೈಲೆನ್ಸರ್‌ನಿಂದ ಕರಿ ಪುಡಿ ಒಂದು ಚಿಟಿಕೆ ಹಾರಿತು. ಗೇಜ್‌ನ ಮುಳ್ಳು 58ರಿಂದ 90ಕ್ಕೆ ಜಿಗಿದು ನಿಂತಿತು. ವಾಲ್ವ್‌ಗೂ ಸೀಟ್‌ಗೂ ನಡುವೆ ಒಂದು ಕಾರ್ಬನ್ ಚೂರು ಸಿಕ್ಕಿಕೊಂಡಿತ್ತು, ಅಷ್ಟೇ. ಹೀಗೆ ಕುಟ್ಟುವಾಗ ಕೈ ಹಗುರ ಇರಲಿ. ಪಿಸ್ಟನ್ ತುದಿಯಲ್ಲಿರುವುದರಿಂದ ವಾಲ್ವ್ ಕೆಳಗೆ ಜಾಸ್ತಿ ಜಾಗ ಇರುವುದಿಲ್ಲ.

ವಾಲ್ವ್ ಕಡೆ ಸೋರಿಕೆ ಕಂಡಾಗ ಟ್ಯಾಪೆಟ್ ನೋಡುವುದನ್ನು ಯಾವತ್ತೂ ಬಿಡಬೇಡಿ. ಸಂದು ಪೂರ್ತಿ ಮುಚ್ಚಿಹೋಗಿದ್ದರೆ ವಾಲ್ವ್ ಸೀಟ್‌ಗೆ ಕೂರುವುದೇ ಇಲ್ಲ. ಹಾಗೆಯೇ ಓಡಿಸಿದರೆ ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನು ಸೀಟ್‌ಗೆ ದಾಟಿಸಲಾಗದೆ ನಿಜವಾಗಿಯೂ ಸುಡುತ್ತದೆ.

ರಿಂಗ್ ಬಗ್ಗೆ ಅನುಮಾನ ಇದ್ದರೆ ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಡಿ. ಪ್ಲಗ್ ಇಲ್ಲದೆಯೇ ಕ್ರ್ಯಾಂಕ್ ಎರಡು ಸುತ್ತು ತಿರುಗಿಸಿ ಮತ್ತೆ ಟೆಸ್ಟ್ ಮಾಡಿ. ಅಂಕಿ ಚೆನ್ನಾಗಿ ಸುಧಾರಿಸಿದರೆ ರಿಂಗ್ ಅಥವಾ ಬೋರ್. ಕದಲದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಒಂದು ಚಮಚ ಸಾಕು, ಸುಮ್ನೆ ಸುರಿಯಬೇಡಿ.

ಈ ಟೆಸ್ಟ್‌ಗೆ ಕಾಣದ ರೋಗಗಳು

ಆಯಿಲ್ ಕುಡಿಯುವ ಎಂಜಿನ್ ಒಂದು ಲೀಕ್‌ಡೌನ್‌ನಲ್ಲಿ ಶೇ. 6 ತೋರಿಸಬಹುದು. ಗಾಳಿ ಹಿಡಿಯುವುದು ಮೇಲಿನ ಕಂಪ್ರೆಷನ್ ರಿಂಗ್‌ಗಳು. ಆಯಿಲ್ ಕೆರೆದು ಕೆಳಗೆ ತಳ್ಳುವುದು ಬೇರೆ ರಿಂಗ್. ಅದು ಕಾರ್ಬನ್ ಹಿಡಿದು ಅಂಟಿಕೊಂಡಿದ್ದರೂ ಗೇಜ್‌ಗೆ ಗೊತ್ತಾಗುವುದಿಲ್ಲ. ವಾಲ್ವ್ ಸ್ಟೆಮ್ ಸೀಲ್ (ವಾಲ್ವ್ ಕಡ್ಡಿಯ ಸುತ್ತ ಆಯಿಲ್ ತಡೆಯುವ ಸೀಲ್) ಹೋಗಿದ್ದರೂ ಅಷ್ಟೇ.

ಕ್ಯಾಮ್‌ನ ಉಬ್ಬು ಸವೆದು ವಾಲ್ವ್ ಸರಿಯಾಗಿ ತೆರೆಯದಿದ್ದರೆ ಕಂಪ್ರೆಷನ್ ಕಡಿಮೆ ಇರುತ್ತದೆ, ಲೀಕ್‌ಡೌನ್ ಚೆನ್ನಾಗಿರುತ್ತದೆ. ಈ ಜೋಡಿ ಸಿಕ್ಕಿದರೆ ವಾಲ್ವ್ ಎಷ್ಟು ಏಳುತ್ತಿದೆ, ಟೈಮಿಂಗ್ ಸರಿ ಇದೆಯಾ ಅಂತ ಹುಡುಕಬೇಕು. ಹಾಗಾಗಿ ಎರಡೂ ಟೆಸ್ಟ್ ಜೊತೆಗಿದ್ದರೆ ಒಳ್ಳೆಯದು.

ಬೋರ್‌ನ ಕೆಳಭಾಗದಲ್ಲಿ ಗೀರು ಇದ್ದರೂ ಟಿಡಿಸಿಯಲ್ಲಿ ನಿಂತ ಪಿಸ್ಟನ್‌ಗೆ ಅದು ಸಿಗುವುದಿಲ್ಲ. ಸಾಮಾನ್ಯವಾಗಿ ಸವೆತ ಜಾಸ್ತಿ ಇರುವುದು ಮೇಲೇ ಆದ್ದರಿಂದ ಇದು ಅಪರೂಪದ ತೊಂದರೆ. ಡೀಸೆಲ್ ಎಂಜಿನ್‌ಗೂ ಕ್ರಮ ಇದೇ. ಗ್ಲೋ ಪ್ಲಗ್ ಅಥವಾ ಇಂಜೆಕ್ಟರ್ ತೂತಿಗೆ ಅಡಾಪ್ಟರ್ ಬೇಕು, ಅಷ್ಟೇ ವ್ಯತ್ಯಾಸ. ಎರಡು ಸ್ಟ್ರೋಕ್ ಎಂಜಿನ್‌ಗೆ ಮಾತ್ರ ಇದನ್ನು ಹಚ್ಚಬೇಡಿ. ಅಲ್ಲಿ ಇಡೀ ಕ್ರ್ಯಾಂಕ್‌ಕೇಸ್ ಮುಚ್ಚಿ 6 ಪಿಎಸ್‌ಐ ಆಸುಪಾಸಿನ ಒತ್ತಡದಲ್ಲಿ ನೋಡುತ್ತಾರೆ. 100 ಬಿಟ್ಟರೆ ಸೀಲ್‌ಗಳೇ ಹಾರಿಹೋಗುತ್ತವೆ.

ಎಲ್ಲ ಮುಗಿದ ಮೇಲೆ ರೆಗ್ಯುಲೇಟರ್ ಸಡಿಲಿಸಿ, ಗೇಜ್ ಸೊನ್ನೆಗೆ ಬಂದ ಮೇಲೆ ಅಡಾಪ್ಟರ್ ಬಿಚ್ಚಿ. ಪ್ಲಗ್‌ಗಳನ್ನು ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಸ್ಪ್ಯಾನರ್ ಹಾಕಿ. ಆಯಿಲ್ ಮುಚ್ಚಳ, ಡಿಪ್‌ಸ್ಟಿಕ್, ಬ್ರೀದರ್ ಪೈಪ್, ರೇಡಿಯೇಟರ್ ಮುಚ್ಚಳ, ಫ್ಯೂಸ್ ಒಂದೊಂದಾಗಿ ಎಣಿಸಿ ಹಾಕಿ. ಸ್ಟಾರ್ಟ್ ಮಾಡುವ ಮೊದಲು ಗೇರ್ ನ್ಯೂಟ್ರಲ್‌ಗೆ ತನ್ನಿ. ನೆಲದ ಮೇಲಿಟ್ಟ ಸಾಕೆಟ್ ಅಲ್ಲೇ ಇದೆಯಾ ಅಂತಲೂ ನೋಡಿಕೊಳ್ಳಿ.